ಗ್ರಹಣ ಹಿಡಿದ ಸಿಂಹಾಸನ

ಗನ್ ಹಿಡಿದವನ ಗಡ್ಡ ಸರಿಯಾಗಿ ಅಂಟಿರಲಿಲ್ಲ.

ಎಡಗಿವಿಯ ಕೆಳಗೆ ಗೋಂದು ಬಿಟ್ಟಿತ್ತು. ಸುರುಳಿ ಸುರುಳಿಯಾಗಿ ಎದೆಯ ತನಕ ಇಳಿದ ಕಪ್ಪು ಗಡ್ಡ. ಅವನು ಉಸಿರು ಬಿಟ್ಟಾಗಲೆಲ್ಲ ಅದು ಅಲ್ಲಾಡುತ್ತಿತ್ತು.

ಗನ್ ಮಾತ್ರ ಅಲ್ಲಾಡುತ್ತಿರಲಿಲ್ಲ!

"ಹ್ಯಾಂಡ್ಸ್ ಅಪ್!"

ಎತ್ತಿದೆ. ಈ ವಯಸ್ಸಿನಲ್ಲಿ ಭುಜದ ನೋವು ಬೇರೆ.

ಸ್ಯಾನ್ ಡಿಯೇಗೊ. ನಿಮ್ರೂದ್ ಸಿಗ್ನಲ್ಸ್ ಎಂಬ ಕಂಪನಿಯ ಲಾಬಿ. ಮಟಮಟ ಮಧ್ಯಾಹ್ನ. ಎಲ್ಲರೂ ಲಂಚ್‌ಗೆ ಹೋಗಿದ್ದರು. ನಾನು ಗೋಡೆಗೆ ಒರಗಿಸಿದ್ದ ಒಂದು ದೊಡ್ಡ ಕೆತ್ತನೆಯ ಕಲ್ಲಿನ ಹಿಂದೆ ತೂರಿ, ಫೋಟೋ ಹೊಡೆದು, ತೆವಳಿಕೊಂಡು ಹೊರಬಂದಿದ್ದೆ. ತಲೆ ಎತ್ತಿದರೆ ಈ ಗಡ್ಡ.

"ಫೋನ್ ಕೊಡಿ. ನೌ!"

"ಕೊಡತೇನಿ ತಡೀಪಾ... ಕೈ ಮ್ಯಾಲೆ ಮಾಡು ಅಂತಿ, ಫೋನ್ ಕೊಡು ಅಂತಿ. ಯಾವುದು ಮೊದಲ ಮಾಡಲಿ?"

ಗಾಬರಿಯಲ್ಲಿ ನನ್ನ ಗದಗಿನ ಮಾತು ಬಾಯಿಗೆ ಬಂದುಬಿಟ್ಟಿತ್ತು. ಗಡ್ಡದವನ ಕಣ್ಣು ಅರಳಿತು.

"ಅಕ್ಕಾರ... ಕನ್ನಡದವರೇನ್ರಿ? ಯಾವೂರ್ರಿ?"

ಗನ್ ಸ್ವಲ್ಪ ಕೆಳಗಿಳಿಯಿತು.

ನನಗೆ ಅಷ್ಟೇ ಬೇಕಿತ್ತು. ಗಡ್ಡಕ್ಕೆ ಕೈ ಹಾಕಿ ಎಳೆದೆ... ಚರ್ರ್!

"ಅಯ್ಯಯ್ಯಪ್ಪೋ! ಸತ್ನೆವ್ವೋ!"

ಓಡಿದೆ. ಗಡ್ಡ ನನ್ನ ಕೈಯಲ್ಲೇ ಇತ್ತು.

ಪಾರ್ಕಿಂಗ್ ಲಾಟ್. ನನ್ನ ಹಳೇ ಕೊರೊಲ್ಲಾ. ಫ್ರೀವೇ ಫೈವ್, ನಾರ್ತ್. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬಿಳಿ ವ್ಯಾನು. ಓಡಿಸುತ್ತಿದ್ದವನ ಗಲ್ಲ ಟೊಮ್ಯಾಟೊ ಹಣ್ಣಿನ ಹಾಗೆ ಕೆಂಪಗಿತ್ತು. ಅವನೇ!

ನೀವು ಸಿನಿಮಾದಲ್ಲಿ ಚೇಸ್ ನೋಡಿರುತ್ತೀರಿ. ಟಯರು ಕಿರುಚುತ್ತದೆ, ಹಣ್ಣಿನ ಗಾಡಿ ಹಾರುತ್ತದೆ. ನಮ್ಮದು ಗಂಟೆಗೆ ಆರು ಮೈಲಿ. ಎನ್ಸಿನಿಟಾಸ್ ದಾಟುವಷ್ಟರಲ್ಲಿ ಟ್ರಾಫಿಕ್ ಪೂರ್ತಿ ಕಟ್ಟಿತ್ತು. ವ್ಯಾನು ನನ್ನ ಪಕ್ಕದ ಲೇನಿಗೇ ಬಂತು. ಅವನು ಕಿಟಕಿ ಇಳಿಸಿ ಕತ್ತು ಕೊಯ್ಯುವ ಸನ್ನೆ ಮಾಡಿದ. ನಾನು ನೀರು ಕುಡಿದೆ. ಅವನು ನಾಲ್ಕು ಅಡಿ ಮುಂದೆ ಹೋದ. ನಾನು ಐದು ಅಡಿ ಹೋದೆ. ಅವನು ಮತ್ತೆ ಸನ್ನೆ ಮಾಡಿದ. ಈ ಸಲ ಅವನಿಗೇ ಬೇಜಾರು ಬಂದಿತ್ತು.

ಆಗ ಫೋನ್ ಬಂತು.

"ಕುಮುದಾ ಅವರೇ... ಊಟ ಆಯ್ತಾ?"

ಮೃದುವಾದ ದನಿ. ಅದೇ ಹೆದರಿಕೆ ಹುಟ್ಟಿಸಿತು.

"ಯಾರ್ರೀ?"

"ನಾನು ಬಾಲಸುಬ್ರಹ್ಮಣ್ಯ. ನಿಮ್ರೂದ್ ಕಂಪನಿ ಕಟ್ಟಿದವನು. ರಿಸೆಪ್ಷನ್‌ನಲ್ಲಿ ನಂಬರ್ ಬಿಟ್ಟು ಹೋಗಿದ್ರಿ, ಥ್ಯಾಂಕ್ಸ್. ಆ ಫೋಟೋ ಡಿಲೀಟ್ ಮಾಡಿಬಿಡಿ. ಹೋದ ವರ್ಷ ಒಬ್ಬ ಕಾಂಪಿಟಿಟರ್ ನನ್ನ ಎದುರಿಗೆ ನಿಂತ. ನಾನು ಅವನ ಚರ್ಮ ಸುಲಿದೆ. ಆ ಚರ್ಮಾನ ಕಂಬಕ್ಕೆ ಹೊದಿಸಿದೆ. ಅವನ ಊರಿಗೆ ಬೆಂಕಿ ಇಟ್ಟೆ."

ನಾನು ಡೋರ್ ಲಾಕ್ ಒತ್ತಿದೆ.

"...ಮೆಟಫಾರಿಕಲಿ," ಎಂದು ಸೇರಿಸಿದ. "ಹಾಗೆ ಸೇರಿಸ್ಲೇಬೇಕು ಅಂತ ನಮ್ಮ ಲಾಯರು ಹೇಳಿದಾರೆ. ಇಡ್ಲಾ?"

ಇಟ್ಟ.

ಇನ್ನು ಯೋಚಿಸುತ್ತಾ ಕೂತರೆ ಕೆಲಸ ಕೆಟ್ಟಂತೆ. ಆ ಗಡ್ಡವನ್ನು ಪಕ್ಕದ ಸೀಟಿನ ತಲೆದಿಂಬಿಗೆ ಸಿಕ್ಕಿಸಿದೆ. ಮೇಲೆ ನನ್ನ ಟೋಪಿ ಇಟ್ಟೆ. ಈಗ ಕಾರಿನಲ್ಲಿ ಇಬ್ಬರು! ಇಬ್ಬರಿದ್ದರೆ ಮಾತ್ರ ಬಿಡುವ ಕಾರ್‌ಪೂಲ್ ಲೇನಿಗೆ ಸೀದಾ ನುಗ್ಗಿದೆ. ವ್ಯಾನು ಅಲ್ಲೇ ಉಳಿಯಿತು. ಅವನು ಒಬ್ಬನೇ ಇದ್ದನಲ್ಲ! ಗ್ರೀನ್ ಕಾರ್ಡ್ ಪೆಂಡಿಂಗ್ ಇರುವ ಕನ್ನಡಿಗ ಗನ್ ಹಿಡಿದಾನು, ಒಂಟಿಯಾಗಿ ಕಾರ್‌ಪೂಲ್ ಲೇನಿಗೆ ಮಾತ್ರ ಕಾಲಿಡುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ಕಾಫಿ ಆರುತ್ತಿದೆ, ಕುಡಿಯಿರಿ.

ನನ್ನ ಕೆಲಸ ನಿಮಗೆ ಗೊತ್ತೇ ಇದೆ, ಅದಕ್ಕೇ ಬಂದಿದ್ದೀರಿ. ಚಾಟ್ಸ್‌ವರ್ತ್‌ನಲ್ಲಿ, ಈ ಗ್ರಾನೈಟ್ ಕೊಯ್ಯುವ ಶೆಡ್ಡುಗಳ ನಡುವೆ, ಒಂದೇ ರೂಮಿನ ಆಫೀಸು. ಲೈಸೆನ್ಸ್ ಇರುವ ಪ್ರೈವೇಟ್ ಇನ್ವೆಸ್ಟಿಗೇಟರ್. ಆದರೆ ಕೊಲೆ, ಕಿಡ್ನ್ಯಾಪು ನನ್ನ ಹತ್ತಿರ ಬರುವುದಿಲ್ಲ. ಬರುವವರು ಹೆಣ್ಣು ಹೆತ್ತವರು. ಹುಡುಗ ಕುಡಿಯುತ್ತಾನಾ? ಮೊದಲೇ ಒಂದು ಮದುವೆ ಆಗಿದೆಯಾ? ಪ್ರೊಫೈಲಿನಲ್ಲಿ ಹಾಕಿರುವ ಎತ್ತರ ಶೂ ಸೇರಿಸಿಯೋ, ಬಿಟ್ಟೋ?

ಕಳೆದ ವರ್ಷ ಏಪ್ರಿಲ್‌ನಲ್ಲಿ ಸ್ಯಾಂಟಾ ಕ್ಲಾರಿಟಾದ ಚಂದ್ರಮೋಹನ್ ಬಂದರು. ಮೈಸೂರಿನವರು. ಈಗ ನೀವು ಕೂತಿರುವ ಕುರ್ಚಿಯಲ್ಲೇ ಕೂತರು. ಮುಖದಲ್ಲಿ ಹಬ್ಬದ ಕಳೆ.

"ಹುಡುಗ ಸಿ.ಇ.ಓ. ಕಣಮ್ಮ! ಗಗನ್ ಅಂತ, ದಾವಣಗೆರೆ ಕಡೆಯವನು. ಇಪ್ಪತ್ತೊಂಬತ್ತಕ್ಕೇ ಸಿ.ಇ.ಓ.! ಸಂಬಂಧ ತಂದವರು ಸಾಕ್ಷಾತ್ ನಿಮ್ರೂದ್ ಕಂಪನಿ ಕಟ್ಟಿದ ಬಾಲು ಸರ್. ನಮ್ಮ ಹರ್ಷಿತಾನೂ ಓಕೆ ಅಂದಿದಾಳೆ. ಸುಮ್ನೆ ಒಂದು ಚೆಕ್ ಮಾಡಿಬಿಡಿ, ಫಾರ್ಮಾಲಿಟಿಗೆ."

"ಸಿ.ಇ.ಓ. ಆಗೋಕ್ಕಿಂತ ಮೊದಲ ಏನಾಗಿದ್ದ?"

"ಟೆಸ್ಟಿಂಗ್‌ನಲ್ಲಿದ್ದ."

"ಟೆಸ್ಟಿಂಗ್‌ನಿಂದ ಸೀದಾ ಸಿ.ಇ.ಓ.?"

"ಟ್ಯಾಲೆಂಟ್ ಅಮ್ಮ!"

ನಮ್ಮವರ ಕತೆ ಇಷ್ಟೇ. ಹುಡುಗನ ಪ್ರಮೋಷನ್ ನಿಂತುಹೋದರೆ ಊರೆಲ್ಲ ತಿರುಗಿ ಕಾರಣ ಕೇಳುತ್ತಾರೆ. ಪ್ರಮೋಷನ್ ಆದರೆ ಯಾಕೆ ಆಯಿತು ಎಂದು ಒಬ್ಬರೂ ಕೇಳುವುದಿಲ್ಲ! ವಾಟ್ಸ್ಯಾಪಿನಲ್ಲಿ ಕಂಗ್ರಾಟ್ಸ್ ಹಾಕಿ, ಹಾಲ್ ಬುಕ್ ಮಾಡುತ್ತಾರೆ.

ಹಾಗೆ ನಾನು ಸ್ಯಾನ್ ಡಿಯೇಗೊಗೆ ಹೋದದ್ದು.

ನಿಮ್ರೂದ್ ಸಿಗ್ನಲ್ಸ್ ಮಿಲಿಟರಿಗೆ ಆಂಟೆನಾ ಮಾಡುವ ಕಂಪನಿ. ಶತ್ರುವಿನ ಡ್ರೋನಿಗೆ ದಾರಿ ತಪ್ಪಿಸುವ ಆಂಟೆನಾ. ಬಾಲು ಸರ್‌ಗೆ ಅಸ್ಸೀರಿಯಾದ ಹುಚ್ಚು. ಸಾವಿರಾರು ವರ್ಷಗಳ ಹಿಂದೆ, ಈಗಿನ ಇರಾಕಿನಲ್ಲಿ, ಸುತ್ತಲಿನ ದೇಶಗಳನ್ನೆಲ್ಲ ನಡುಗಿಸಿದ ಸಾಮ್ರಾಜ್ಯ. ಅದರ ಅರಮನೆಯ ಕೆತ್ತನೆಗಳನ್ನು ಪ್ಲಾಸ್ಟರಿನಲ್ಲಿ ಮಾಡಿಸಿ ಲಾಬಿಯ ಎರಡೂ ಕಡೆ ನಿಲ್ಲಿಸಿದ್ದ. ಕೋಟೆಗೆ ಏಣಿ ಹಾಕುವ ಸೈನಿಕರು. ಗೋಡೆ ಗುದ್ದುವ ಚಕ್ರದ ಯಂತ್ರ. ಕಡಿದ ತಲೆಗಳನ್ನು ಗುಡ್ಡೆ ಹಾಕಿ ಎಣಿಸುವ ಗುಮಾಸ್ತರು. ಗಂಟುಮೂಟೆ ಹೊತ್ತು ಗಡೀಪಾರಾಗುವ ಹೆಂಗಸರು, ಮಕ್ಕಳು. ಆಗಿನ ಕಾಲದಲ್ಲಿ ಪರದೇಶದ ದೂತರು ರಾಜನನ್ನು ಕಾಣುವ ಮೊದಲು ಇಂಥ ಗೋಡೆಗಳ ನಡುವೆ ನಡೆದು ಬರಬೇಕಿತ್ತಂತೆ. ಇಲ್ಲಿ ಇಂಜಿನಿಯರುಗಳು ಅಪ್ರೈಸಲ್‌ಗೆ ಹೋಗುವ ಮೊದಲು ನಡೆಯಬೇಕಿತ್ತು. ಯಾರೂ ಹೈಕ್ ಕೇಳುತ್ತಿರಲಿಲ್ಲ.

ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂತ ಇಂಜಿನಿಯರುಗಳಿಗೆ ಗಡ್ಡ ಅಂಟಿಸಿ ಕಾವಲಿಗೆ ನಿಲ್ಲಿಸಿದ್ದ. ಎದುರು ಮಾತಾಡಿದ ಒಂದು ಟೀಮನ್ನು ನೆಬ್ರಾಸ್ಕಾಗೆ ಗಡೀಪಾರು ಮಾಡಿದ್ದ. ಟ್ರಾನ್ಸ್‌ಫರ್ ಆರ್ಡರಿನಲ್ಲಿ ಇದ್ದ ಪದವೇ ಅದು.

ಗಗನ್ ಕೂತಿದ್ದದ್ದು ಹೋರಿಯ ಗೊರಸಿನ ಕಾಲುಗಳಿದ್ದ ಎತ್ತರದ ಸಿಂಹಾಸನದಲ್ಲಿ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹಿಂದೆ ಇಬ್ಬರು ಗಡ್ಡದವರು ಚಾಮರ ಬೀಸುತ್ತಿದ್ದರು. ಕಂಪನಿಯ ಮೇಲೆ ಲೇಖನ ಬರೆಯುತ್ತೇನೆ ಎಂದು ಹೇಳಿ ಒಳಗೆ ಹೋಗಿದ್ದೆ.

"ಮೇಡಂ, ಮೊದಲು ಪೆನ್ ಬೇಕು ಅಂದ್ರೂ ನಾನೇ ಎದ್ದು ಹೋಗ್ತಿದ್ದೆ," ಎಂದ. ಒಳ್ಳೆಯ ಹುಡುಗ. ಮುಖದಲ್ಲಿ ಸಂಕೋಚ. "ಈಗ ಕಾರಿಂದ ಇಳಿದ್ರೆ ಛತ್ರಿ ಹಿಡೀತಾರೆ. ನಂಗೇ ನಾಚಿಕೆ ಆಗುತ್ತೆ."

"ಪ್ರಮೋಷನ್ ಯಾವಾಗ ಆತು?"

"ಮಾರ್ಚ್‌ನಲ್ಲಿ. ಚಂದ್ರಗ್ರಹಣ ಆಯ್ತಲ್ಲ, ಮಾರನೇ ದಿನಾನೇ! ಬಾಲು ಸರ್ ಕರೆದು ಕೂರಿಸಿಬಿಟ್ರು. ಷೇರು, ಸಹಿ, ಬಂಗಲೆ ಎಲ್ಲ ನನ್ನ ಹೆಸರಿಗೆ. ನೆಪಕ್ಕಲ್ಲ ಮೇಡಂ, ನಿಜವಾಗ್ಲೂ!"

"ಅವರು ಈಗ ಎಲ್ಲಿ ಅದಾರ?"

"ಫಾಲ್‌ಬ್ರೂಕ್‌ನಲ್ಲಿ, ಅವಕಾಡೊ ತೋಟದ ಶೆಡ್ಡಿನಲ್ಲಿ ಮಲಗ್ತಾರೆ. ನಾವ್ಯಾರೂ ಸರ್ ಅನ್ನಂಗಿಲ್ಲ. 'ರೈತರೇ' ಅನ್ಬೇಕು. ಇಮೇಲ್‌ನಲ್ಲೂ ಹಂಗೇ."

ವಿಚಿತ್ರ ಅನ್ನಿಸಿತು. ಹೊರಗೆ ಬರುತ್ತಾ ಲಾಬಿಯ ಕೆತ್ತನೆಗಳನ್ನು ಬೆರಳಲ್ಲಿ ತಟ್ಟುತ್ತಾ ಬಂದೆ. ಟೊಳ್ಳು, ಟೊಳ್ಳು, ಟೊಳ್ಳು... ಕೊನೆಯದನ್ನು ತಟ್ಟಿದರೆ ಸದ್ದೇ ಇಲ್ಲ. ತಣ್ಣಗಿನ ಗಟ್ಟಿ ಕಲ್ಲು. ಅದರ ಮೇಲೆ ರಾಜನೊಬ್ಬ ಸಿಂಹದ ಬಾಲ ಹಿಡಿದಿದ್ದ. ಹಿಂದೆ ತೂರಿ ನೋಡಿದೆ. ಮೊಳೆ ಮೊಳೆಯಂಥ ಅಕ್ಷರಗಳು, ಅಂಚಿನಲ್ಲಿ ಹೊಸದಾಗಿ ಗರಗಸ ಆಡಿಸಿದ ಗುರುತು. ಯಾವುದೋ ಗೋಡೆಯಿಂದ ಕೊಯ್ದು ತಂದ ಕಳ್ಳಮಾಲು! ಫೋಟೋ ತೆಗೆದೆ. ಮುಂದಿನದು ನಿಮಗೆ ಗೊತ್ತಿದೆ. ಗಡ್ಡ, ಗನ್, ಕಾರ್‌ಪೂಲ್.

ಸೀದಾ ಸ್ಯಾಂಟಾ ಕ್ಲಾರಿಟಾಗೆ ಹೋದೆ.

ಚಂದ್ರಮೋಹನ್ ಮನೆಯಲ್ಲಿ ಸೀರೆಗಳ ರಾಶಿ. ಅವರ ಹೆಂಡತಿ ಶಾಮಲಾ ಬ್ಲೌಸ್ ಪೀಸು ವಿಂಗಡಿಸುತ್ತಿದ್ದರು. ಹರ್ಷಿತಾ ಸೋಫಾದ ಮೇಲೆ ಕಾಲು ಮಡಚಿ ಕೂತಿದ್ದಳು. ಇಲ್ಲೇ ಹುಟ್ಟಿದ ಹುಡುಗಿ, ಲಾಸ್ ಏಂಜಲೀಸ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ವಿಷಯ, ಅಸ್ಸೀರಿಯಾದ ಮೊಳೆಲಿಪಿ! ಅಪ್ಪ ಅಮ್ಮ ಯಾರು ಕೇಳಿದರೂ 'ಡೇಟಾದಲ್ಲಿ ಇದಾಳೆ' ಎನ್ನುತ್ತಿದ್ದರು. ಬಾಲು ಸರ್ ಈ ಸಂಬಂಧ ಯಾಕೆ ಹುಡುಕಿ ತಂದ ಎಂದು ನನಗಾಗ ಸ್ವಲ್ಪ ಸ್ವಲ್ಪ ಹೊಳೆಯತೊಡಗಿತು.

ಫೋಟೋ ತೋರಿಸಿದೆ.

"ಓ ಮೈ ಗಾಡ್. ಆಂಟಿ, ದಿಸ್ ಈಸ್ ರಿಯಲ್. ನಿನೆವೆ ಪ್ಯಾಲೆಸ್. ಅಸ್ಸೀರಿಯನ್ ಕ್ಯಾಪಿಟಲ್."

"ಕಳ್ಳಮಾಲು ಹೌದಲ್ಲ?"

"ಟೋಟಲಿ. ಸಮ್‌ಒನ್ ಈಸ್ ಗೋಯಿಂಗ್ ಟು ಜೈಲ್."

"ಯಾರು?"

"ಹೂಎವರ್ ರನ್ಸ್ ದ ಕಂಪನಿ."

"ನಿನ್ನ ಗಗನ್. ಗ್ರಹಣದ ಮಾರನೇ ದಿನ ಸಿಂಹಾಸನ ಏರ್ಯಾನ. ಬಾಲು ಸರ್ ಶೆಡ್ಡಿನ್ಯಾಗ ಮಲಗಿ, ನಾನು ಬರೇ ರೈತ ಅನ್ನಾಕತ್ತಾನ."

ಹರ್ಷಿತಾಳ ಕೈಯಲ್ಲಿದ್ದ ಫೋನ್ ಸೀರೆಯ ರಾಶಿಯ ಮೇಲೆ ಬಿತ್ತು.

"ರೈತ ಅಂತಾನಾ? ನಿಜವಾಗ್ಲೂ ರೈತ ಅಂತಾನಾ ಆಂಟಿ?"

ಹುಡುಗಿ ಕನ್ನಡದಲ್ಲಿ ಮಾತಾಡಿದಳು. ಅಂದರೆ ವಿಷಯ ಸೀರಿಯಸ್!

ಆಮೇಲೆ ಅವಳು ಹೇಳಿದ್ದು ಕೇಳಿ. ಅಸ್ಸೀರಿಯಾದಲ್ಲಿ ಚಂದ್ರಗ್ರಹಣ ಬಂದರೆ ರಾಜನಿಗೆ ಸಾವು ಬರುತ್ತದೆ ಎಂದು ಜೋಯಿಸರು ಹೇಳುತ್ತಿದ್ದರು. ಆಗ ರಾಜ ಒಂದು ಉಪಾಯ ಮಾಡುತ್ತಿದ್ದ. ಯಾರೋ ಒಬ್ಬನನ್ನು ಹಿಡಿದು ತಂದು ಸಿಂಹಾಸನದ ಮೇಲೆ ಕೂರಿಸುವುದು. ಅವನಿಗೆ ರಾಜನ ಬಟ್ಟೆ, ರಾಜನ ಊಟ, ರಾಜನ ಮರ್ಯಾದೆ. ಅಸಲಿ ರಾಜ ಮೂಲೆ ಸೇರಿ ತನ್ನನ್ನು ರೈತ ಎಂದು ಕರೆಸಿಕೊಳ್ಳುತ್ತಿದ್ದ. ದೇವರಿಗೆ ಅನುಮಾನ ಬರಬಾರದಲ್ಲ! ಬರುವ ಕಂಟಕ ಆ ಬದಲಿ ರಾಜನ ತಲೆಗೆ ಹೋಗಬೇಕು.

"ಆಮ್ಯಾಲೆ?"

"ಸ್ವಲ್ಪ ದಿನ ಬಿಟ್ಟು ಅವನನ್ನ ಕೊಂದುಬಿಡ್ತಾರೆ. ಅಸಲಿ ರಾಜ ವಾಪಸ್ ಬಂದು ಕೂತ್ಕೋತಾನೆ."

ಶಾಮಲಾರ ಕೈಯಲ್ಲಿದ್ದ ಬ್ಲೌಸ್ ಪೀಸು ಹಾಗೇ ನಿಂತಿತು.

"ಇನ್ನೊಂದು..." ಹರ್ಷಿತಾಳ ದನಿ ಇಳಿಯಿತು. "ಆ ಬದಲಿ ರಾಜನಿಗೆ ಒಬ್ಬಳು ರಾಣಿನೂ ಹುಡುಕ್ತಿದ್ರು. ಅವಳನ್ನೂ ಅವನ ಜೊತೆಗೇ ಕೊಲ್ತಿದ್ರು."

"ನಿನಗ ಬಾಲು ಸರ್ ಏನರ ಕೊಟ್ಟಾನೇನು?"

"ಡೈರೆಕ್ಟರ್ ಆಫ್ ಹೆರಿಟೇಜ್. ಎಂಗೇಜ್‌ಮೆಂಟ್ ಗಿಫ್ಟ್. ಕಲ್ಲುಗಳಿಗೆಲ್ಲ ನಾನೇ ಇನ್‌ಚಾರ್ಜ್."

ಚಂದ್ರಮೋಹನ್ ಗಂಟಲು ಸರಿಮಾಡಿಕೊಂಡರು.

"ಅದಿರ್ಲಿ ಕುಮುದಾ... ಹುಡುಗ ಕುಡೀತಾನಾ?"

"ಇಲ್ರಿ."

"ಸಿಗರೇಟು?"

"ಇಲ್ಲ."

"ಮತ್ತೆ ಪ್ರಾಬ್ಲಮ್ ಏನು?"

"ಮಗಳು ಜೇಲಿಗೆ ಹೊಂಟಾಳ್ರೀ!"

"ಹಾಲ್ ಬುಕ್ ಆಗಿದೆಯಲ್ಲಮ್ಮಾ!" ಎಂದರು ಶಾಮಲಾ. ಅಳು ಬಂದಿತ್ತು ಅವರಿಗೆ. ಮಗಳಿಗಾಗಿಯೋ ಹಾಲ್‌ಗಾಗಿಯೋ, ದೇವರಾಣೆ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಮತ್ತೆ ನನ್ನ ಫೋನ್ ಬಡಿದುಕೊಂಡಿತು.

"ಅಕ್ಕಾರ, ಇಡಬ್ಯಾಡ್ರಿ! ನಾನ್ರಿ, ಬಸವಲಿಂಗಪ್ಪ. ಗಡ್ಡದಾಂವ. ಇಳಕಲ್ಲಿನಾಂವ್ರಿ."

"ಮತ್ತ ಗನ್ ತೋರಸ್ತೀ ಏನು?"

"ಗನ್ ಖರೇನ ಐತ್ರಿ, ಗುಂಡು ಸಾಹೇಬರ ಲಾಕರ್‌ನ್ಯಾಗ ಅದಾವು. ನಿಮ್ಮನ್ನ ಬಿಟ್ಟೆ ಅಂತ ನನ್ನ ಕೆಲಸದಿಂದ ತಗದಾರ್ರಿ. ನನ್ನ ಬ್ಯಾಡ್ಜ್ ಮರಕ್ಕ ನೇತು ಹಾಕ್ಯಾರ. ಒಂದು ಮಾತು ಕೇಳ್ರಿ... ಶನಿವಾರ ಫಾಲ್‌ಬ್ರೂಕ್‌ನ್ಯಾಗ ಎಂಗೇಜ್‌ಮೆಂಟ್ ಐತಲ್ಲ? ಆ ಕಲ್ಲನ್ನ ಅಲ್ಲಿ ಗಗನನ ಬೆನ್ನ ಹಿಂದ ನಿಲ್ಲಸ್ತಾರಂತ. ಫೆಡರಲ್ ಪೊಲೀಸರಿಗೆ ಸುದ್ದಿ ಕೊಟ್ಟಾಂವ ಸಾಹೇಬರ ಲಾಯರನ ಅದಾನ್ರಿ!"

ಕೊಂಡಿ ಕೂಡಿತು. ಪೊಲೀಸರು ಹೇಗೂ ಆ ಕಲ್ಲನ್ನು ಹುಡುಕುತ್ತಿದ್ದರು. ಬೇಟೆಗಾರರು ತನ್ನ ಬಾಗಿಲಿಗೆ ಬರುವ ಮೊದಲೇ ಬಾಲು ಸರ್ ತನ್ನ ಬದಲು ಗಗನ್ ಎಂಬ ಸಿಂಹವನ್ನು ಬೋನಿನಿಂದ ಬಿಟ್ಟಿದ್ದ.

ಆ ಸಂಜೆಯೇ ಗಗನ್‌ನನ್ನು ವುಡ್‌ಲ್ಯಾಂಡ್ ಹಿಲ್ಸ್‌ನ ಒಂದು ಕಾಫಿ ಅಂಗಡಿಗೆ ಕರೆಸಿದೆವು. ಎಲ್ಲ ಬಿಡಿಸಿ ಹೇಳಿದೆವು.

"ಓಡಿಹೋಗ್ಲಾ?"

"ಓಡಿದಾಂವನ ಕಳ್ಳ ಅಂತಾರ."

"ಪೊಲೀಸ್‌ಗೆ ನಿಜ ಹೇಳಿದ್ರೆ?"

"ಕಲ್ಲು ಕಂಪನೀದು. ಕಂಪನಿ ನಿಂದು. ಬಾಲು ಬರೇ ರೈತ. ತಂದಾಂವ ನಾನು ಅಂತ ಅವನ ಬಾಯಿಂದನ ಬರಬೇಕು."

"ಅವರ್ಯಾಕೆ ಹೇಳ್ತಾರೆ ಮೇಡಂ?" ಗಗನ್ ಅಳುವುದೊಂದು ಬಾಕಿ.

ಹರ್ಷಿತಾ ಮೇಜಿನ ಮೇಲೆ ಬೆರಳಾಡಿಸುತ್ತಿದ್ದಳು. ತಟ್ಟನೆ ನಿಲ್ಲಿಸಿದಳು.

"ಹೇಳ್ತಾರೆ. ಆ ರಾಜರು ಬರೆಸಿದ್ದೆಲ್ಲ ಒಂದೇ ಥರ. ನಾನು ಗೆದ್ದೆ, ನಾನು ಸುಟ್ಟೆ, ನಾನು ಹೊತ್ತು ತಂದೆ.... ಕೊನೇಲಿ ಒಂದು ಶಾಪ ಇರುತ್ತೆ. ನನ್ನ ಹೆಸರು ಅಳಿಸಿ ತನ್ನ ಹೆಸರು ಬರೆದವನು ನಾಶ ಆಗ್ಲಿ ಅಂತ. ಸಾವಿಗಿಂತ ಅವರಿಗೆ ಭಯ ಇದ್ದದ್ದು ಅದಕ್ಕೆ."

ನನಗೆ ಫೋನಿನ ಆ ಮೃದು ದನಿ ನೆನಪಾಯಿತು. ನಾನು ಸುಲಿದೆ, ನಾನು ಹೊದಿಸಿದೆ, ನಾನು ಬೆಂಕಿ ಇಟ್ಟೆ...

"ಗಗನಾ," ಎಂದೆ, "ನೀ ಆ ಕಲ್ಲು ಕದ್ದೀ."

"ನಾನು ಕದ್ದಿಲ್ಲ ಮೇಡಂ!"

"ಶನಿವಾರ ಎಲ್ಲರ ಮುಂದ, ಮೈಕ್‌ನ್ಯಾಗ, ನಾನ ತಂದೇನಿ ಅಂತ ಹೇಳ್ತೀ."

"ಪೊಲೀಸರ ಮುಂದೆ? ಬಾಲು ಸರ್ ಬಾಯಿಬಿಡ್ಲಿಲ್ಲ ಅಂದ್ರೆ?"

"ಬಿಡಲಿಲ್ಲ ಅಂದ್ರ ನಿನಗ ಜೇಲು. ಸುಮ್ನ ಕುಂತರೂ ಜೇಲು."

ಅವನ ಕಾಫಿ ಹಾಗೇ ಉಳಿಯಿತು.

ಶನಿವಾರ. ಫಾಲ್‌ಬ್ರೂಕ್. ಬೆಟ್ಟದ ತುಂಬ ಅವಕಾಡೊ. ಸುಡುವ ಬಿಸಿಲು.

ದ್ರಾಕ್ಷಿ ಚಪ್ಪರದ ಕೆಳಗೆ ಬಾಲು ಸರ್ ಮಂಚದ ಮೇಲೆ ಒರಗಿದ್ದ. ರೇಷ್ಮೆ ಪಂಚೆ, ಹುಲ್ಲಿನ ಟೋಪಿ, ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲ್. ರೈತ! ಕೈಯಲ್ಲಿ ಹಬೆಯಾಡುವ ರಾಗಿ ಅಂಬಲಿಯ ಬಟ್ಟಲು. ನಿನೆವೆಯ ಒಂದು ಕೆತ್ತನೆಯಲ್ಲಿ ರಾಜ ಹೀಗೆಯೇ ತೋಟದಲ್ಲಿ ಒರಗಿ ಉಣ್ಣುತ್ತಾನಂತೆ. ಪಕ್ಕದ ಮರದಲ್ಲಿ ಸೋತ ರಾಜನ ತಲೆ ನೇತಾಡುತ್ತಿರುತ್ತದಂತೆ. ಇಲ್ಲಿಯ ಮರದಲ್ಲಿ ನೇತಾಡುತ್ತಿದ್ದದ್ದು ಕೆಲಸ ಕಳೆದುಕೊಂಡವರ ಬ್ಯಾಡ್ಜುಗಳು. ಗಾಳಿ ಬಂದಾಗ ಗಲಗಲ ಸದ್ದು. ಬಸವಲಿಂಗಪ್ಪನ ಫೋಟೋ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು.

ಎದುರಿಗೆ ಸಿಂಹಾಸನ. ಗಗನ್, ಹರ್ಷಿತಾ. ಅವರ ಹಿಂದೆ ಆ ಕಲ್ಲು.

ನನ್ನನ್ನು ನೋಡಿ ಬಾಲು ಸರ್ ಮುಗುಳ್ನಕ್ಕ. "ಬನ್ನಿ ಕುಮುದಾ ಅವರೇ. ಊಟ ಮಾಡ್ಕೊಂಡೇ ಹೋಗ್ಬೇಕು. ನಿಮ್ಮ ತಲೆ ಕಡಿಯೋದು ಆಮೇಲೆ. ಮೆಟಫಾರಿಕಲಿ."

ಚಂದ್ರಮೋಹನ್ ಸಿಂಹಾಸನದ ಪಕ್ಕ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಲೆಮನೇಡ್ ಮೇಜಿನ ಹತ್ತಿರ ಕಪ್ಪು ಸೂಟಿನ ಇಬ್ಬರು. ಅವರ ಮುಂದೆ ತುಪ್ಪ ಜಿನುಗುವ ಮೈಸೂರ್ ಪಾಕ್ ಇತ್ತು. ಇಬ್ಬರೂ ಮುಟ್ಟಿರಲಿಲ್ಲ. ಪೊಲೀಸರೇ ಸರಿ.

ಗಗನ್ ಎದ್ದ. ಮೈಕ್ ಎತ್ತಿಕೊಂಡ.

"ನಾನು... ನಾನು ಗಗನ್."

ಕೆಮ್ಮಿದ.

"ಈ ಸಿಂಹವನ್ನ ತಂದವನು ನಾನು."

ಚಪ್ಪಾಳೆ! ನಮ್ಮವರಿಗೆ ಮೈಕಿನಲ್ಲಿ ಏನು ಹೇಳಿದರೂ ಸರಿ. ಕನ್ನಡ ಬಾರದ ಅತಿಥಿಗಳಿಗೆಂದು ಶಾಮಲಾ ಮೊದಲೇ ಎಲ್ಲವನ್ನೂ ಮಗಳಿಂದ ಇಂಗ್ಲಿಷಿನಲ್ಲಿ ಹೇಳಿಸುವ ಏರ್ಪಾಡು ಮಾಡಿದ್ದರು. ಹರ್ಷಿತಾ ಪ್ರತಿ ಸಾಲನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಕಪ್ಪು ಸೂಟುಗಳು ನೆಟ್ಟಗಾದವು.

"ಮರುಭೂಮಿಯಲ್ಲಿ ಹುಡುಕಿದವನು ನಾನು! ಗೋಡೆ ಕೊಯ್ಸಿದವನು ನಾನು! ನನ್ನಂಥ ಧೈರ್ಯ ನನಗಿಂತ ಮೊದಲು ಯಾರಿಗೂ ಇರ್ಲಿಲ್ಲ!"

ಇದು ನಾವು ಹೇಳಿಕೊಟ್ಟದ್ದಲ್ಲ. ಹುಡುಗನಿಗೆ ರುಚಿ ಹತ್ತಿತ್ತು.

ನಾನು ಬಾಲು ಸರ್ ಕಡೆ ನೋಡಿದೆ. ಅವನ ದವಡೆ ಬಿಗಿಯಿತು. ಕಿವಿ ಕೆಂಪಾಯಿತು. ಬಟ್ಟಲು ಗಟ್ಟಿಯಾಗಿ ಹಿಡಿದ.

ಬಾಯಿ ಮಾತ್ರ ಬಿಡಲಿಲ್ಲ!

ಕಪ್ಪು ಸೂಟಿನವರು ಹೊರಟರು. ಸಿಂಹಾಸನದ ಕಡೆಗೆ. ಒಬ್ಬನ ಕೈ ಸೊಂಟದ ಕೋಳಕ್ಕೆ ಹೋಯಿತು. ಕೆಟ್ಟೆ! ನಾನೇ ಹುಡುಗನನ್ನು ಬಾವಿಗೆ ತಳ್ಳಿದೆ!

ಆಗ ಹರ್ಷಿತಾ ಮೈಕ್ ಕಿತ್ತುಕೊಂಡಳು. ಸೀದಾ ಬಾಲು ಸರ್ ಮುಖ ನೋಡಿದಳು.

"ಇನ್ನು ಮೇಲೆ ಪುಸ್ತಕಗಳಲ್ಲಿ, ಮ್ಯೂಸಿಯಂಗಳಲ್ಲಿ, ಈ ಸಿಂಹಕ್ಕೆ ಒಂದೇ ಹೆಸರು ಇರುತ್ತೆ. ಗಗನ್ ಸಿಂಹ. ಬೇರೆ ಯಾರ ಹೆಸರೂ ಇರೋದಿಲ್ಲ. ಯಾವತ್ತೂ."

ಬಾಲು ಸರ್ ಕೋಪ ನುಂಗಲು ಬಟ್ಟಲು ಎತ್ತಿ ಗಟಗಟ ಕುಡಿದ. ಕುದಿಯುವ ಅಂಬಲಿ! ಕಣ್ಣು ಮೇಲಕ್ಕೆ ಹೋಯಿತು. ಬಾಯಿಂದ ಅಂಬಲಿಯೂ ಮಾತೂ ಒಟ್ಟಿಗೆ ಹಾರಿದವು.

"ಥೂ! ಸುಳ್ಳು! ನಾನು! ತಂದಿದ್ದು ನಾನು!"

"ರೈತರೇ, ಕೂತ್ಕೊಳ್ಳಿ..." ಲಾಯರು ಪಂಚೆ ಹಿಡಿದೆಳೆದ.

"ಬಿಡಯ್ಯ! ಈ ಟೆಸ್ಟರ್ ನನ್ಮಗ ತಂದ್ನಂತೆ! ಕಿಚನ್ ಕೌಂಟರ್ ಗ್ರಾನೈಟ್ ಅಂತ ಬರೆಸಿ ಹಡಗಿಗೆ ಹಾಕಿದ್ದು ಯಾರು? ನಾನು! ಲಾಂಗ್ ಬೀಚ್‌ನಲ್ಲಿ ಇಳಿಸಿದ್ದು ಯಾರು? ನಾನು! ಚಾಟ್ಸ್‌ವರ್ತ್ ಶೆಡ್ಡಿನಲ್ಲಿ ಬಚ್ಚಿಟ್ಟಿದ್ದು ಯಾರು? ನಾನು, ನಾನು, ನಾನು!"

ಸುಟ್ಟ ನಾಲಗೆ ತೊದಲುತ್ತಿತ್ತು. ಆದರೂ ನಿಲ್ಲಲಿಲ್ಲ. ಹರ್ಷಿತಾ ಒಂದೊಂದನ್ನೂ ಇಂಗ್ಲಿಷಿಗೆ ತಂದಳು. ಕೊನೆಗೆ ಅವನೇ ಇಂಗ್ಲಿಷಿನಲ್ಲಿ ಶುರು ಮಾಡಿದ.

"ಮೆಟಫಾರಿಕಲಿ ಅನ್ರೀ!" ಲಾಯರು ಕೂಗಿದ.

"ನೋ! ಲಿಟರಲಿ!"

ಕಪ್ಪು ಸೂಟಿನವರು ಹಾಗೇ ತಿರುಗಿದರು. ಕೋಳ ಟಕ್ ಎಂದು ಬಿದ್ದದ್ದು ರೈತನ ಕೈಗೆ.

ಬಸವಲಿಂಗಪ್ಪ ಎಲ್ಲಿಂದಲೋ ಬಂದು ಮರ ಹತ್ತಿ ತನ್ನ ಬ್ಯಾಡ್ಜ್ ಬಿಚ್ಚಿಕೊಂಡ. ನನಗೆ ಅಳು ಬಂತು, ನಿಜ ಹೇಳುತ್ತೇನೆ. ಆಮೇಲೆ ಆ ಮೈಸೂರ್ ಪಾಕ್ ಪೂರ್ತಿ ನಾನೇ ತಿಂದೆ.

ಕೋರ್ಟಿನಲ್ಲೂ ಬಾಲು ಸರ್ 'ನಾನು' ಬಿಡಲಿಲ್ಲ. ಈಗ ಜೈಲಿನಲ್ಲಿ ತರಕಾರಿ ಬೆಳೆಸುವ ಕೆಲಸ ಕೊಟ್ಟಿದ್ದಾರಂತೆ. ಕಂಪನಿ? ಅವನೇ ದೇವರಿಗೆ ಅನುಮಾನ ಬರದಂತೆ ಪಕ್ಕಾ ಬರೆದುಕೊಟ್ಟಿದ್ದನಲ್ಲ, ಗಗನ್ ಹತ್ತಿರವೇ ಉಳಿಯಿತು. ಹರ್ಷಿತಾ ಹೇಳಿದ ಒಂದು ಕತೆಯಲ್ಲೂ ಹೀಗೇ ಆಗಿತ್ತಂತೆ. ಯಾವುದೋ ಊರಿನ ಅಸಲಿ ರಾಜ ಬಿಸಿ ಗಂಜಿ ಕುಡಿದು ಸತ್ತ, ಬದಲಿಗೆ ಕೂತಿದ್ದವನು ಕೊನೆಯ ತನಕ ಇಳಿಯಲೇ ಇಲ್ಲ.

ಮದುವೆ ಆಗಲಿಲ್ಲ. ಹರ್ಷಿತಾ ಬೇಡ ಎಂದಳು.

"ಯಾಕವಾ? ಹುಡುಗ ಉಳಕೊಂಡನಲ್ಲ," ಎಂದೆ.

"ಕಂಟಕ ಹೋಗಿ ತಿಂಗಳಾಯ್ತು ಆಂಟಿ. ಅವನಿಗೆ ಛತ್ರಿ ಹಿಡಿಯೋರು ಇನ್ನೂ ಇದಾರೆ."

ಆ ಕಲ್ಲು ಇರಾಕಿಗೆ ವಾಪಸು ಹೊರಟಾಗ ಅವಳೂ ಅದರ ಜೊತೆ ಹೋದಳು. ಶಾಮಲಾ ಈಗಲೂ 'ಡೇಟಾದಲ್ಲಿ ಇದಾಳೆ' ಎನ್ನುತ್ತಾರೆ.

ಈ ಮಾರ್ಚ್‌ನಲ್ಲೂ ಒಂದು ಚಂದ್ರಗ್ರಹಣ ಆಯಿತಲ್ಲ? ಅದಾದ ವಾರಕ್ಕೆ ಗಗನ್‌ಗೆ ಫೋನ್ ಮಾಡಿದ್ದೆ, ಸುಮ್ಮನೆ ಮಾತಾಡಿಸೋಣ ಎಂದು. ದನಿ ಬಹಳ ಮೃದುವಾಗಿತ್ತು. ಊಟ ಆಯ್ತಾ ಎಂದು ಕೇಳಿದ. ಫಾಲ್‌ಬ್ರೂಕ್ ತೋಟದ ಶೆಡ್ಡಿನಲ್ಲಿ ಇದ್ದೇನೆ ಎಂದ.

"ಆರಾಮ ಅದೀ ಗಗನಾ?"

"ಗಗನ್ ಅನ್ಬೇಡಿ ಮೇಡಂ. ರೈತ ಅನ್ನಿ."

ಸರಿ, ನನ್ನ ಕತೆ ಸಾಕು. ನಿಮ್ಮ ಹುಡುಗನ ಫೋಟೋ ಕೊಡಿ... ಯಾವ ಕಂಪನಿಯ ಹೊಸ ಸಿ.ಇ.ಓ. ಅಂದಿರಿ?